ಸಣ್ಣ ಸದ್ದು ಮೊದಲು ಬಂದ್ರೆ ದೊಡ್ಡ ಸದ್ದಿಗೆ ಯಾಕೆ ಕಡಿಮೆ ಬೆಚ್ಚಿಬೀಳ್ತೀವಿ?

ಪ್ರಶ್ನೆ: ಮೇಡಂ, ನಾನು ಚಿಕ್ಕಂದಿನಿಂದಲೂ ಜೋರು ಸದ್ದಿಗೆ ಬೆಚ್ಚಿಬೀಳೋಳು. ಇತ್ತೀಚೆಗೆ ಒಂದು ವಿಷಯ ಗಮನಿಸಿದೆ, ಅಡುಗೆಮನೆ ಸ್ಟ್ಯಾಂಡಲ್ಲಿ ಮೊದಲು ಒಂದು ತಟ್ಟೆ ಟಿಣ್ ಅಂದು ಆಮೇಲೆ ಉಳಿದಿದ್ದೆಲ್ಲಾ ದಡದಡ ಬಿದ್ರೆ ಅಷ್ಟು ಬೆಚ್ಚಲ್ಲ, ಏನೂ ಸುಳಿವಿಲ್ದೆ ಬಿದ್ರೆ ಮಾತ್ರ ಜೀವ ಬಾಯಿಗೆ ಬರತ್ತೆ. ಆದ್ರೆ ದೆವ್ವದ ಸಿನಿಮಾದಲ್ಲಿ ಉಲ್ಟಾ, ಈಗ ಏನೋ ಬರತ್ತೆ ಅಂತ ಗೊತ್ತಿದ್ರೂ ಇನ್ನೂ ಜಾಸ್ತಿ ಬೆಚ್ಚಿಬೀಳ್ತೀನಿ. ಯಾಕೆ ಹೀಗೆ? ಇನ್ನೊಂದು, ಹೀಗೆ ಬೆಚ್ಚೋದನ್ನ ಅಳೆದು ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ ಕಂಡುಹಿಡೀತಾರೆ ಅಂತ ಎಲ್ಲೋ ಓದಿದೆ. ನನ್ನ ತಮ್ಮನಿಗೆ ಆ ಕಾಯಿಲೆ ಇದೆ. ನನ್ನ ಮಗಳಿಗೆ 6 ವರ್ಷ, ಅವಳೂ ನನ್ನ ಥರಾನೇ ಬೆಚ್ಚಿಬೀಳ್ತಾಳೆ. ಟೆಸ್ಟ್ ಮಾಡಿಸಬೇಕಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಗೇ ಮೊದಲು ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಮನಸ್ಸಲ್ಲಿ ಕೊರೀತಾ ಇದ್ರೆ ಬೇರೆ ಏನು ಹೇಳಿದ್ರೂ ತಲೆಗೆ ಹೋಗಲ್ಲ. ಬೇಡ, ಮಗಳಿಗೆ ಆ ಟೆಸ್ಟ್ ಬೇಡ. ಅವಳು ಬೆಚ್ಚೋದಕ್ಕೂ ನಿಮ್ಮ ತಮ್ಮನ ಕಾಯಿಲೆಗೂ ನೀವು ಗಂಟು ಹಾಕಬೇಡಿ. ಯಾಕೆ ಅಂತ ಮುಂದೆ ಬಿಡಿಸಿ ಹೇಳ್ತೀನಿ, ಆದ್ರೆ ಅದಕ್ಕೆ ಮೊದಲು ನಿಮ್ಮ ತಟ್ಟೆ ವಿಷಯ ಮಾತಾಡಲೇಬೇಕು, ಯಾಕಂದ್ರೆ ಅಡುಗೆಮನೇಲಿ ನಿಂತು ನೀವು ಗಮನಿಸಿರೋದು ನಾನು ವರ್ಷಾನುಗಟ್ಟಲೆ ಲ್ಯಾಬಲ್ಲಿ ಅಳೆದಿರೋ ವಿಷಯಾನೇ, ಓದಿ ನನಗೆ ನಿಜವಾಗ್ಲೂ ಖುಷಿಯಾಯ್ತು.

ಹೈಸ್ಕೂಲಲ್ಲಿ ಪರಾವರ್ತಿತ ಪ್ರತಿಕ್ರಿಯೆ ಅಂತ ಓದಿರ್ತೀರ, ಬಿಸಿ ಪಾತ್ರೆ ಮುಟ್ಟಿದ ತಕ್ಷಣ ಕೈ ತಾನಾಗೇ ಹಿಂದೆ ಬರೋದು. ಬೆಚ್ಚಿಬೀಳೋದೂ ಅದೇ ಜಾತಿದು, ಸ್ಟಾರ್ಟಲ್ ರಿಫ್ಲೆಕ್ಸ್ ಅಂತೀವಿ. ಜೋರು ಸದ್ದು ದಿಢೀರ್ ಅಂತ ಬಂದ್ರೆ ಕಣ್ಣು ಮುಚ್ಚತ್ತೆ, ಕತ್ತು ಒಳಗೆ ಎಳ್ಕೊಳ್ಳತ್ತೆ, ಭುಜ ಮೇಲೇರತ್ತೆ, ಮೊಣಕೈ ಮಡಚತ್ತೆ. ಇದರಲ್ಲಿ ಕಣ್ಣು ಮಿಟುಕೋದೇ ಎಲ್ಲಕ್ಕಿಂತ ಮೊದಲು ಬರೋದು, ಎಲ್ಲಕ್ಕಿಂತ ಗಟ್ಟಿಯಾಗಿ ಉಳ್ಕೊಳ್ಳೋದೂ ಅದೇ. ಕಾರ್ನಿ ಲ್ಯಾಂಡಿಸ್ ಮತ್ತೆ ವಿಲಿಯಂ ಹಂಟ್ ಅನ್ನೋ ಇಬ್ಬರು ಸೈಕಾಲಜಿಸ್ಟ್‌ಗಳು ಅಮೆರಿಕದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಕೊಂಡು, ಪಿಸ್ತೂಲಿನ ಸದ್ದಿಗೆ ಜನ ಹೇಗೆ ಬೆಚ್ಚುತಾರೆ ಅಂತ ಫ್ರೇಮ್ ಫ್ರೇಮ್ ಆಗಿ ನೋಡಿ 1939ರಲ್ಲಿ ಪುಸ್ತಕ ಬರೆದ್ರು. ದಿನಾ ಗುಂಡು ಹಾರಿಸಿ ಅಭ್ಯಾಸ ಇರೋ ಪೊಲೀಸರಲ್ಲೂ ಆ ಕಣ್ಣಿನ ಮಿಟುಕು ಹೋಗಿರಲಿಲ್ಲ. ನನ್ನ ಅನುಭವಾನೂ ಹಾಗೇ, ಪ್ರೋಗ್ರಾಂ ಬರೆದವಳು ನಾನೇ, ಯಾವ ಕ್ಷಣಕ್ಕೆ ಸದ್ದು ಬರತ್ತೆ ಅಂತ ಗೊತ್ತಿದ್ದವಳು ನಾನೇ, ಆದ್ರೂ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಕಣ್ಣು ಮುಚ್ಚೇ ಮುಚ್ಚತ್ತೆ. ಹಾಗಾಗಿ ಬೆಚ್ಚಿಬೀಳೋದು ಪುಕ್ಕಲುತನ ಅಂತ ಯಾರಾದ್ರೂ ನಿಮ್ಮನ್ನ ಅಂದಿದ್ರೆ ಅದನ್ನ ಮನಸ್ಸಿಗೆ ಹಚ್ಕೋಬೇಡಿ.

ಇದಕ್ಕೆ ಇಷ್ಟು ವೇಗ ಎಲ್ಲಿಂದ ಬಂತು ಅಂದ್ರೆ ದಾರಿ ತುಂಬಾ ಚಿಕ್ಕದು. ಕಿವಿಯಿಂದ ಬಂದ ಸುದ್ದಿ ಯೋಚನೆ ಮಾಡೋ ಮೇಲಿನ ಮೆದುಳಿನ ತನಕ ಹೋಗೋದೇ ಇಲ್ಲ, ಕೆಳಗೆ ಮೆದುಳಿನ ಕಾಂಡದಲ್ಲಿ ಪಾನ್ಸ್ ಅನ್ನೋ ಭಾಗ ಇದೆ, ಅಲ್ಲಿ ದೊಡ್ಡ ದೊಡ್ಡ ನರಕೋಶಗಳ ಒಂದು ಗುಂಪಿದೆ, ಸದ್ದು ನೇರವಾಗಿ ಅದನ್ನ ಹೊಡೆಯತ್ತೆ, ಅಲ್ಲಿಂದ ನೇರವಾಗಿ ಕಣ್ಣಿನ, ಕತ್ತಿನ, ಕೈಕಾಲಿನ ಸ್ನಾಯುಗಳಿಗೆ ಆರ್ಡರ್ ಹೋಗತ್ತೆ. ಇಲೀಲಿ ಸದ್ದು ಬಂದ 10 ಮಿಲಿಸೆಕೆಂಡ್ ಒಳಗೇ ಸ್ನಾಯು ಅಲುಗಾಡಿರತ್ತೆ, ಮನುಷ್ಯರ ಕಣ್ಣಿಗೆ ಸುಮಾರು 30ರಿಂದ 50 ಮಿಲಿಸೆಕೆಂಡ್ ಸಾಕು. ಒಂದು ಸೆಕೆಂಡಲ್ಲಿ 1000 ಮಿಲಿಸೆಕೆಂಡ್ ಅಂತ ನೆನಪಿಟ್ಕೊಳ್ಳಿ, ಮುಂದೆ ಬರೋ ಲೆಕ್ಕ ಎಲ್ಲಾ ಇದರ ಮೇಲೇ ನಿಂತಿದೆ.

ಈಗ ನಿಮ್ಮ ಟಿಣ್. ಲ್ಯಾಬಲ್ಲಿ ನಾವು ಮಾಡೋದೂ ಅದೇ, ತಟ್ಟೆ ಬದಲು ಕಂಪ್ಯೂಟರ್. ಕೂತವರ ಕಣ್ಣಿನ ಕೆಳಗೆ ಎರಡು ಪುಟ್ಟ ಎಲೆಕ್ಟ್ರೋಡ್ ಅಂಟಿಸ್ತೀವಿ, ಕಣ್ಣು ಮುಚ್ಚೋ ಸ್ನಾಯು ಎಷ್ಟು ಜೋರಾಗಿ ಬಿಗಿಯತ್ತೆ ಅಂತ ಅದು ಹೇಳತ್ತೆ. ಹೆಡ್‌ಫೋನಲ್ಲಿ ಸುಮಾರು 70 ಡೆಸಿಬಲ್ ಜೊರ್ ಅನ್ನೋ ಸದ್ದು ಹಿನ್ನೆಲೇಲಿ ಓಡ್ತಾನೇ ಇರತ್ತೆ, ಮಧ್ಯೆ ಮಧ್ಯೆ 100 ಡೆಸಿಬಲ್ ದಾಟಿದ ಒಂದು ಚಟೀರ್. ಕೆಲವು ಸಲ ಆ ಚಟೀರ್‌ಗಿಂತ 120 ಮಿಲಿಸೆಕೆಂಡ್ ಮುಂಚೆ ಒಂದು ಮೆಲ್ಲಗಿನ ಸದ್ದು ಬಿಡ್ತೀವಿ, ಅದು ಎಷ್ಟು ಮೆಲ್ಲಗೆ ಅಂದ್ರೆ ಒಂಟಿಯಾಗಿ ಬಂದ್ರೆ ಯಾರೂ ಬೆಚ್ಚಲ್ಲ. ಅಷ್ಟಕ್ಕೇ ಕಣ್ಣಿನ ಮಿಟುಕು ಧೊಪ್ ಅಂತ ಇಳಿಯತ್ತೆ. ಲೆಕ್ಕಕ್ಕೆ ಅಂತ ಹೇಳೋದಾದ್ರೆ ಚಟೀರ್ ಒಂದಕ್ಕೇ ಸ್ನಾಯು 80 ಅಂಕ ಕೊಟ್ಟಿದ್ದು, ಮುಂಚೆ ಸಣ್ಣ ಸದ್ದು ಬಂದಾಗ 36 ಕೊಟ್ರೆ, ಬೆಚ್ಚೋದು ನೂರಕ್ಕೆ 55ರಷ್ಟು ಇಳೀತು ಅಂತ ಅರ್ಥ. ಇದಕ್ಕೆ ಪ್ರೀಪಲ್ಸ್ ಇನ್ಹಿಬಿಷನ್ ಅಂತಾರೆ, ಚಿಕ್ಕದಾಗಿ ಪಿಪಿಐ.

ನನಗೆ ಇದರಲ್ಲಿ ಇವತ್ತಿಗೂ ಆಶ್ಚರ್ಯ ಆಗೋದು ಏನು ಗೊತ್ತಾ, ಇದನ್ನ ಯಾರೂ ಕಲೀಬೇಕಾಗಿಲ್ಲ. ಮೊಟ್ಟಮೊದಲನೇ ಸಲ ಕೇಳಿಸಿದಾಗಲೇ ಕೆಲಸ ಮಾಡತ್ತೆ. ಆ ಸಣ್ಣದು ಸದ್ದೇ ಆಗಿರಬೇಕು ಅಂತಾನೂ ಇಲ್ಲ, ಒಂದು ಮಿಂಚು ಬೆಳಕು ಅಥವಾ ಚರ್ಮದ ಮೇಲೆ ಒಂದು ಮೆಲ್ಲಗಿನ ತಟ್ಟು ಆದ್ರೂ ಸಾಕು. ಇನ್ನೂ ಹೇಳ್ಬೇಕು ಅಂದ್ರೆ ಹಿನ್ನೆಲೆ ಸದ್ದು ಒಂದು ಕ್ಷಣ ನಿಂತುಹೋದ್ರೂ, ಅಂದ್ರೆ ಬರೀ ಮೌನ ಬಂದ್ರೂ, ಬೆಚ್ಚೋದು ಇಳಿಯತ್ತೆ. ಇದನ್ನೇ ಇಟ್ಕೊಂಡು ಇಲಿಗಳಿಗೆ ಕಿವಿಯಲ್ಲಿ ಗುಂಯ್ ಅನ್ನೋ ತೊಂದರೆ ಇದೆಯಾ ಅಂತ ಪತ್ತೆ ಮಾಡೋ ವಿಧಾನ 2006ರಲ್ಲಿ ಬಂತು, ಒಳಗೆ ಸದಾ ಗುಂಯ್ ಅಂತಿದ್ರೆ ಹೊರಗಿನ ಮೌನ ಗೊತ್ತಾಗಲ್ಲ, ಆಗ ಬೆಚ್ಚೋದೂ ಇಳಿಯಲ್ಲ ಅನ್ನೋ ತರ್ಕ. ಇಲಿ, ಜೀಬ್ರಾ ಫಿಶ್, ಅಷ್ಟೇ ಯಾಕೆ ಟ್ರೈಟೋನಿಯಾ ಅನ್ನೋ ಸಮುದ್ರದ ಬಸವನಹುಳದ ಜಾತಿಯ ಜೀವೀಲೂ ಇದೇ ಥರದ್ದು ಕಂಡಿದೆ.

ಇನ್ನೊಂದು ಹಳೇ ಪ್ರಸಂಗ ಹೇಳದೆ ಮುಂದೆ ಹೋಗಕ್ಕೆ ಮನಸ್ಸಾಗ್ತಿಲ್ಲ. 1933ರಲ್ಲಿ ಕೊಹೆನ್, ಹಿಲ್ಗಾರ್ಡ್, ವೆಂಟ್ ಅನ್ನೋ ಮೂವರು ಒಬ್ಬ ರೋಗಿಯನ್ನ ಪರೀಕ್ಷೆ ಮಾಡಿದ್ರು. ಕುರುಡುತನ ಇತ್ತು ಆದ್ರೆ ಅದು ಮಾನಸಿಕ ಕಾರಣದ್ದು ಅಂತ ಅನುಮಾನ. ಜೋರು ಸದ್ದಿಗೆ ಸ್ವಲ್ಪ ಮುಂಚೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದ್ರು, ಸದ್ದಿಗೆ ಬರೋ ಮಿಟುಕು ಬದಲಾಯ್ತು. ಕಾಣಲ್ಲ ಅನ್ನೋ ಜಾಗದಲ್ಲಿ ಬಿದ್ದ ಬೆಳಕು ನರಗಳಿಗೆ ತಲುಪಿತ್ತು ಅಂತಾಯ್ತಲ್ಲ. ರೋಗಿ ಸುಳ್ಳು ಹೇಳ್ತಿದ್ರು ಅಂತ ಇದರ ಅರ್ಥ ಅಲ್ಲ, ಅನುಭವಕ್ಕೆ ಬರದೇ ಇರೋದೂ ರಿಫ್ಲೆಕ್ಸ್‌ಗೆ ಗೊತ್ತಾಗಿರತ್ತೆ ಅಂತ ಅರ್ಥ.

ಆದ್ರೆ ಇದೆಲ್ಲಾ ನಿಂತಿರೋದು ಟೈಮಿಂಗ್ ಮೇಲೆ. ಸುಮಾರು 30ರಿಂದ 500 ಮಿಲಿಸೆಕೆಂಡ್ ಒಳಗೆ ಸಣ್ಣ ಸದ್ದು ಮುಂಚೆ ಬಂದಿರಬೇಕು, 60ರಿಂದ 120ರ ಆಸುಪಾಸಲ್ಲಿ ಪರಿಣಾಮ ಎಲ್ಲಕ್ಕಿಂತ ಜೋರು. ತುಂಬಾ ಹತ್ತಿರ ಬಂದ್ರೆ, ಒಂದು ಹತ್ತು ಮಿಲಿಸೆಕೆಂಡ್ ಅಷ್ಟೇ ಮುಂಚೆ ಅಂದ್ರೆ, ಬೆಚ್ಚೋದು ಇಳಿಯೋ ಬದಲು ಏರಬಹುದು, ಎರಡೂ ಸದ್ದು ಸೇರಿ ಒಂದೇ ದೊಡ್ಡ ಹೊಡೆತದ ಹಾಗೆ ಆಗತ್ತೆ. ಯಾಕೆ ಹೀಗೆ ಅಂದ್ರೆ ಬೆಚ್ಚೋ ದಾರಿ ಚಿಕ್ಕದು ಅಂದ್ನಲ್ಲ, ತಡೆಯೋ ದಾರಿ ಸ್ವಲ್ಪ ಸುತ್ತು. ಸಣ್ಣ ಸದ್ದಿನ ಸುದ್ದಿ ಮೇಲೆ ನಡುಮೆದುಳಿಗೆ ಹೋಗಿ, ಅಲ್ಲಿ ಎರಡು ಮೂರು ಕಡೆ ಇಳಿದು ಹತ್ತಿ, ವಾಪಸ್ ಕೆಳಗೆ ಪಾನ್ಸ್‌ನ ಆ ದೊಡ್ಡ ಕೋಶಗಳ ಹತ್ರ ಬಂದು ಅವನ್ನ ಸ್ವಲ್ಪ ಹೊತ್ತು ಅದುಮಿ ಹಿಡಿಯತ್ತೆ. ಈ ಸುತ್ತಾಟಕ್ಕೆ ಹಿಡಿಯೋ ಸಮಯಾನೇ ಆ ಕೆಳಗಿನ 30 ಮಿಲಿಸೆಕೆಂಡ್. ಅದುಮಿ ಹಿಡಿದಿದ್ದು ನಿಧಾನಕ್ಕೆ ಸಡಿಲ ಆಗೋದೇ ಆ ಮೇಲಿನ 500.

ಈಗ ನಿಮ್ಮ ಅಡುಗೆಮನೆಗೆ ಇದನ್ನ ಹಚ್ಚಿ ನೋಡಿ. ಸ್ಟ್ಯಾಂಡಲ್ಲಿ ಒಂದು ತಟ್ಟೆ ಇನ್ನೊಂದಕ್ಕೆ ತಾಗಿ ಟಿಣ್ ಅಂದು, ಮರುಕ್ಷಣವೇ ಉಳಿದವು ಬಿದ್ರೆ ಮಧ್ಯೆ ಇರೋದು ನೂರಿನ್ನೂರು ಮಿಲಿಸೆಕೆಂಡ್, ಪಕ್ಕಾ ಪಿಪಿಐ ಜಾಗ. 80 ಸೆಂಟಿಮೀಟರ್ ಎತ್ತರದ ಅಡುಗೆ ಕಟ್ಟೆಯಿಂದ ಲೋಟ ಜಾರಿ ನೆಲಕ್ಕೆ ಬೀಳಕ್ಕೆ ಸುಮಾರು 400 ಮಿಲಿಸೆಕೆಂಡ್ ಬೇಕು, ಅಂದ್ರೆ ಅಂಚಿಂದ ಜಾರೋವಾಗಿನ ಸರ್ ಅನ್ನೋ ಸದ್ದು ಇನ್ನೂ ಸ್ವಲ್ಪ ಸಹಾಯ ಮಾಡತ್ತೆ, ಆದ್ರೆ ಕಮ್ಮಿ. ಕುಕ್ಕರ್ ಸೀಟಿ ಬರೋ ಮುಂಚೆ ಬುಸ್ ಬುಸ್ ಅನ್ನೋದು ಎಷ್ಟೋ ಸೆಕೆಂಡ್ ನಡೆಯತ್ತೆ, ಅದು ಈ ಲೆಕ್ಕಕ್ಕೆ ಬರಲ್ಲ. ಮಿಂಚು ಗುಡುಗು ಅಂತೂ ಇನ್ನೂ ಚೆನ್ನಾಗಿರೋ ಉದಾಹರಣೆ, ಬೆಳಕು ಮೊದಲು ಸದ್ದು ಆಮೇಲೆ, ಆದ್ರೆ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರ್ ಹೋಗೋದ್ರಿಂದ ಮಿಂಚಿಗೂ ಗುಡುಗಿಗೂ ಮಧ್ಯೆ 100 ಮಿಲಿಸೆಕೆಂಡ್ ಇರಬೇಕು ಅಂದ್ರೆ ಸಿಡಿಲು ನಿಮ್ಮಿಂದ 34 ಮೀಟರ್ ದೂರದಲ್ಲಿ ಬಿದ್ದಿರಬೇಕು! ಒಂದು ಕಿಲೋಮೀಟರ್ ಆಚೆ ಬಿದ್ರೆ ಸುಮಾರು 3 ಸೆಕೆಂಡ್ ಅಂತರ, ಆಗ ಮಿಂಚು ನೋಡಿ ನೀವು ಕಿವಿ ಮುಚ್ಕೊಳ್ಳೋದು ನಿಮ್ಮ ಬುದ್ಧಿ, ರಿಫ್ಲೆಕ್ಸ್ ಅಲ್ಲ.

ಈ ವ್ಯತ್ಯಾಸಾನೇ ಜನಕ್ಕೆ ಗೊಂದಲ ಮಾಡೋದು. ಮುಂಚೆ ಬಂದ ಸಣ್ಣ ಸದ್ದು ಎಚ್ಚರಿಕೆ ಕೊಡತ್ತೆ, ಎಚ್ಚರಿಕೆ ಸಿಕ್ಕಿದ್ದಕ್ಕೆ ಕಡಿಮೆ ಬೆಚ್ಚುತೀವಿ ಅಂತ ಎಲ್ಲರೂ ಅಂದ್ಕೋತಾರೆ. ಅಷ್ಟು ಸರಳ ಅಲ್ಲ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಚ್ಚರಿಕೆ ಅಂತ ಅರ್ಥ ಮಾಡ್ಕೊಂಡು ಮೈ ಗಟ್ಟಿ ಮಾಡ್ಕೊಳ್ಳಕ್ಕೆ ಯಾರ ಕೈಲೂ ಆಗಲ್ಲ. ಫ್ರಾನ್ಸಿಸ್ ಗ್ರಹಾಂ ಅನ್ನೋ ಅಮೆರಿಕನ್ ವಿಜ್ಞಾನಿ 1975ರಲ್ಲಿ ಕೊಟ್ಟ ವಿವರಣೆ ನನಗೆ ಇವತ್ತಿಗೂ ಸರಿ ಅನ್ಸತ್ತೆ. ಆಕೆ ಹೇಳಿದ್ದು ಏನಂದ್ರೆ, ಮೆದುಳು ಕಾಪಾಡ್ತಿರೋದು ನಿಮ್ಮನ್ನ ದೊಡ್ಡ ಸದ್ದಿಂದ ಅಲ್ಲ, ಆಗಷ್ಟೇ ಬಂದ ಆ ಸಣ್ಣ ಸದ್ದನ್ನ. ಏನೋ ಒಂದು ಒಳಗೆ ಬಂದಿದೆ, ಅದು ಏನು ಅಂತ ನೋಡ್ತಾ ಇದೀನಿ, ಮುಗಿಯೋ ತನಕ ಮಧ್ಯೆ ನುಗ್ಗಬೇಡಿ ಅಂತ ಬಾಗಿಲು ಓರೆ ಮಾಡ್ಕೊಳ್ಳೋ ಹಾಗೆ. ಇದಕ್ಕೆ ಪುರಾವೆನೂ ಇದೆ, ಯಾವ ಸಲ ಬೆಚ್ಚೋದು ಜಾಸ್ತಿ ಇಳಿದಿರತ್ತೋ ಆ ಸಲ ಜನ ಆ ಸಣ್ಣ ಸದ್ದು ಯಾವ ಥರದ್ದು ಅಂತ ಹೆಚ್ಚು ಸರಿಯಾಗಿ ಹೇಳ್ತಾರೆ. ದೊಡ್ಡ ಸದ್ದು ಎಷ್ಟು ಜೋರಿತ್ತು ಅಂತ ಕೇಳಿದ್ರೆ, ಮುಂಚೆ ಸಣ್ಣದು ಬಂದಿದ್ದಾಗ ಅಷ್ಟು ಜೋರಿರಲಿಲ್ಲ ಅಂತಾರೆ. ಸಣ್ಣ ಸದ್ದಿಗೆ ಗಮನ ಕೊಡಿ ಅಂತ ಹೇಳಿದ್ರೆ 120 ಮಿಲಿಸೆಕೆಂಡ್ ಅಂತರದಲ್ಲಿ ಪರಿಣಾಮ ಇನ್ನೂ ಹೆಚ್ಚತ್ತೆ, 60ರಲ್ಲಿ ಗಮನ ಕೊಟ್ಟರೂ ಅಂಥಾ ವ್ಯತ್ಯಾಸ ಕಾಣಲ್ಲ, ಯಾಕಂದ್ರೆ ಮನಸ್ಸು ಕೈಹಾಕಕ್ಕೆ ಅಷ್ಟು ಬೇಗ ಆಗಲ್ಲ.

ಸಿನಿಮಾಗೆ ಬರ್ತೀನಿ. ಅಲ್ಲಿ ದೊಡ್ಡ ಸದ್ದಿಗೆ ಮುಂಚೆ ಇರೋದು 100 ಮಿಲಿಸೆಕೆಂಡಿನ ಟಿಣ್ ಅಲ್ಲ, ಎರಡು ನಿಮಿಷದ ಭಯ. ಕತ್ತಲೆ ಕಾರಿಡಾರು, ಒಂದೇ ಶ್ರುತಿ ಎಳೀತಿರೋ ಪಿಟೀಲು, ನಾಯಕಿ ಉಸಿರು. ಭಯಕ್ಕೆ ಮೆದುಳಲ್ಲಿ ಬೇರೆ ದಾರಿ, ಅಮಿಗ್ಡಲಾ ಅನ್ನೋ ಬಾದಾಮಿ ಗಾತ್ರದ ಭಾಗದಿಂದ ಅದೇ ಪಾನ್ಸ್‌ನ ಕೋಶಗಳಿಗೆ ಒಂದು ತಂತಿ ಬರತ್ತೆ, ಆದ್ರೆ ಅದು ಅದುಮಲ್ಲ, ಏರಿಸತ್ತೆ. ಬ್ರೌನ್, ಕಾಲಿಶ್, ಫಾರ್ಬರ್ ಮೂವರು 1951ರಲ್ಲೇ ಇದನ್ನ ತೋರಿಸಿದ್ರು, ಯಾವುದಾದ್ರೂ ಒಂದು ಸಂಕೇತದ ಜೊತೆ ಶಾಕ್ ಬರತ್ತೆ ಅಂತ ಇಲಿ ಕಲಿತುಬಿಟ್ರೆ, ಆ ಸಂಕೇತ ಇರೋವಾಗ ಬಂದ ಸದ್ದಿಗೆ ಇಲಿ ಮಾಮೂಲಿಗಿಂತ ಎತ್ತರ ಹಾರತ್ತೆ. ಮನುಷ್ಯರಿಗೆ ಶಾಕ್ ಕೂಡ ಬೇಡ, ಬರೀ ಚಿತ್ರ ಸಾಕು. ಪೀಟರ್ ಲ್ಯಾಂಗ್ ಅವರ ತಂಡ 1980ರ ದಶಕದ ಕೊನೇಲಿ ತೋರಿಸಿದ ಹಾಗೆ, ಹಿಂಸೆ, ಗಾಯ ಅಂಥ ಚಿತ್ರ ನೋಡ್ತಿರೋವಾಗ ಮಿಟುಕು ದೊಡ್ಡದು, ಹಿತವಾದ ಚಿತ್ರ ನೋಡ್ತಿರೋವಾಗ ಚಿಕ್ಕದು. ಕತ್ತಲೆ ಒಂದೇ ಇದ್ರೂ ಮನುಷ್ಯರು ಜಾಸ್ತಿ ಬೆಚ್ಚುತಾರೆ ಅಂತ 1997ರಲ್ಲಿ ಗೊತ್ತಾಯ್ತು, ಅದೇ ವರ್ಷ ಇಲಿಗಳಲ್ಲಿ ಇದರ ಉಲ್ಟಾ ಕಂಡಿತು, ಅವು ಪ್ರಖರ ಬೆಳಕಲ್ಲಿ ಜಾಸ್ತಿ ಬೆಚ್ಚುತಾವೆ. ರಾತ್ರಿ ಓಡಾಡೋ ಪ್ರಾಣಿಗೆ ಬೆಳಕೇ ಭಯ, ಹಗಲು ಓಡಾಡೋ ನಮಗೆ ಕತ್ತಲೇ ಭಯ, ಎಷ್ಟು ಚೆಂದ ಅಲ್ವಾ ಇದು.

ಹಾಗಾಗಿ ಸಿನಿಮಾದಲ್ಲಿ ಏನೋ ಬರತ್ತೆ ಅಂತ ಗೊತ್ತಿರೋದು ನಿಮ್ಮನ್ನ ಕಾಪಾಡಲ್ಲ, ಗೊತ್ತಿರೋದ್ರಿಂದಲೇ ಭಯ ಏರಿ ಕೂತಿರತ್ತೆ, ಆ ಏರಿದ ಮಟ್ಟದ ಮೇಲೆ ಸದ್ದು ಬೀಳತ್ತೆ. ಮುಂಚೆ ಬಂದದ್ದು ಬೆಚ್ಚೋದನ್ನ ಇಳಿಸತ್ತಾ ಏರಿಸತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಕೇಳೋದು ಎಷ್ಟು ಹೊತ್ತು ಮುಂಚೆ ಅಂತ, ಆಮೇಲೆ ಕೇಳೋದು ಆಗ ಮನಸ್ಸಿನ ಸ್ಥಿತಿ ಹೇಗಿತ್ತು ಅಂತ.

ಇನ್ನು ನಿಮ್ಮ ತಮ್ಮನ ಕಾಯಿಲೆ ವಿಷಯ. ನೀವು ಓದಿದ್ದು ಹುಟ್ಟಿದ್ದು ಹೀಗೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಬ್ರಾಫ್ ಮತ್ತೆ ಅವರ ಜೊತೆಯವರು, ಸ್ಕಿಜೋಫ್ರೀನಿಯಾ ಇರೋರಲ್ಲಿ ಮುಂಚೆ ಬಂದ ಸಣ್ಣ ಸದ್ದು ಬೆಚ್ಚೋದನ್ನ ಅಷ್ಟಾಗಿ ಇಳಿಸಲ್ಲ ಅಂತ ಪ್ರಕಟಿಸಿದ್ರು. ಬಾಗಿಲು ಓರೆ ಮಾಡೋ ಕೆಲಸ ಸಡಿಲ ಆಗಿದೆ ಅನ್ನೋ ಹಾಗೆ. ಹೊರಗಿನ ಸದ್ದು, ಬೆಳಕು, ಒಳಗಿನ ಯೋಚನೆ ಎಲ್ಲಾ ಒಟ್ಟಿಗೆ ನುಗ್ಗತ್ತೆ, ಯಾವುದನ್ನ ಬಿಡ್ಬೇಕು ಯಾವುದನ್ನ ಹಿಡೀಬೇಕು ಗೊತ್ತಾಗಲ್ಲ ಅಂತ ಎಷ್ಟೋ ರೋಗಿಗಳು ತಾವೇ ಹೇಳ್ಕೋತಾರೆ, ಅದಕ್ಕೂ ಇದಕ್ಕೂ ಹೊಂದಿಕೆ ಕಂಡಿದ್ದಕ್ಕೇ ಈ ವಿಷಯದ ಮೇಲೆ ಮುಂದೆ ಅಷ್ಟೊಂದು ಸಂಶೋಧನೆ ನಡೀತು. ಡೋಪಮೈನ್ ಅನ್ನೋದು ಮೆದುಳಿನ ಒಂದು ರಾಸಾಯನಿಕ, ಇಲಿಗಳಿಗೆ ಅದರ ಕೆಲಸ ಹೆಚ್ಚಿಸೋ ಅಪೋಮಾರ್ಫಿನ್ ಅನ್ನೋ ಔಷಧಿ ಕೊಟ್ರೆ ಪಿಪಿಐ ಕುಸಿಯತ್ತೆ, ಹ್ಯಾಲೊಪೆರಿಡಾಲ್ ಕೊಟ್ರೆ ವಾಪಸ್ ಬರತ್ತೆ. ಹ್ಯಾಲೊಪೆರಿಡಾಲ್ ಈ ಕಾಯಿಲೆಗೇ ಕೊಡೋ ಹಳೇ ಔಷಧಿ, ನಿಮ್ಮ ತಮ್ಮನ ಫೈಲಲ್ಲೂ ಆ ಹೆಸರು ನೋಡಿರಬಹುದು. ಹೊಸ ಔಷಧಿಗಳನ್ನ ಮೊದಲು ಪ್ರಾಣಿಗಳ ಮೇಲೆ ನೋಡೋವಾಗ ಈ ಅಳತೆ ಇವತ್ತಿಗೂ ಬಳಕೇಲಿದೆ.

ಆದ್ರೆ, ಮತ್ತೆ ಇದು ದೊಡ್ಡ ಆದ್ರೆ, ಇದು ಗುಂಪಿನ ಸರಾಸರಿ ಮಾತು. ಕಾಯಿಲೆ ಇರೋ ಒಂದಷ್ಟು ಜನರ ಸರಾಸರಿ, ಇಲ್ಲದಿರೋ ಒಂದಷ್ಟು ಜನರ ಸರಾಸರಿಗಿಂತ ಕಡಿಮೆ. ಒಬ್ಬೊಬ್ಬರನ್ನೇ ತಗೊಂಡ್ರೆ ಎರಡೂ ಗುಂಪು ಒಂದರ ಮೇಲೊಂದು ಬಿದ್ದಿರತ್ತೆ, ಆರೋಗ್ಯವಾಗಿರೋ ಎಷ್ಟೋ ಜನರ ಪಿಪಿಐ ಕಡಿಮೆ ಇರತ್ತೆ, ಕಾಯಿಲೆ ಇರೋ ಎಷ್ಟೋ ಜನರದ್ದು ಚೆನ್ನಾಗೇ ಇರತ್ತೆ. ಮೇಲಾಗಿ ಇದು ಸ್ಕಿಜೋಫ್ರೀನಿಯಾಕ್ಕೆ ಮಾತ್ರ ಸೇರಿದ್ದಲ್ಲ, ಒಸಿಡಿ, ಟುರೆಟ್, ಹಂಟಿಂಗ್ಟನ್ ಕಾಯಿಲೆ ಇರೋರಲ್ಲೂ ಕಡಿಮೆ ಕಂಡಿದೆ. ಸಿಗರೇಟು ಸೇದಿದ್ರೆ ಏರತ್ತೆ, ಕೆಲವು ಔಷಧಿಗೆ ಏರತ್ತೆ, ಹೆಂಗಸರಲ್ಲಿ ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಇಳಿಯತ್ತೆ. ಇಷ್ಟೆಲ್ಲಾ ಕಾರಣಕ್ಕೆ ಮೇಲೆ ಕೆಳಗೆ ಆಗೋ ಒಂದು ಅಂಕಿ ಇಟ್ಕೊಂಡು ಒಬ್ಬರ ಮುಖ ನೋಡಿ ನಿಮಗೆ ಈ ಕಾಯಿಲೆ ಇದೆ, ಬರತ್ತೆ ಅಂತ ಹೇಳೋದು ತಪ್ಪು, ಯಾರಾದ್ರೂ ಹಾಗೆ ಹೇಳಿ ದುಡ್ಡು ತಗೊಂಡ್ರೆ ಅದು ಇನ್ನೂ ದೊಡ್ಡ ತಪ್ಪು. ಡಾಕ್ಟರು ಈ ಕಾಯಿಲೆ ಗುರುತಿಸೋದು ಮಾತಾಡಿಸಿ, ಲಕ್ಷಣ ಎಷ್ಟು ದಿನದಿಂದ ಇದೆ, ದಿನದ ಬದುಕು ಹೇಗೆ ನಡೀತಿದೆ ಅಂತ ಮನೆಯವರನ್ನೂ ಕೇಳಿ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿದ್ರೂ ಅದು ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡ್ಕೊಳ್ಳಕ್ಕೆ.

ನೀವು ಅಕ್ಕ ಆಗಿರೋದ್ರಿಂದ ಇದೊಂದು ವಿಷಯ ನೇರವಾಗಿ ಹೇಳ್ತೀನಿ, ಮುಂದೆ ಎಲ್ಲೋ ಅರ್ಧಂಬರ್ಧ ಓದಿ ಗಾಬರಿ ಆಗೋದು ಬೇಡ. ರೋಗಿಗಳ ಒಡಹುಟ್ಟಿದವರು, ತಂದೆತಾಯಿ, ಯಾವ ಕಾಯಿಲೆನೂ ಇಲ್ಲದೆ ಚೆನ್ನಾಗಿರೋರು, ಅವರಲ್ಲೂ ಪಿಪಿಐ ಸರಾಸರಿ ಕಡಿಮೆ ಇದೆ ಅಂತ 2000ನೇ ಇಸವೀಲಿ ಒಂದು ಅಧ್ಯಯನ ಬಂತು. ಇದನ್ನ ಓದಿ ಹೆದರೋರು ಇದಾರೆ. ನಾನು ಓದೋದು ಬೇರೆ ಥರ, ಕಡಿಮೆ ಇದ್ದೂ ಅವರು ಆರೋಗ್ಯವಾಗಿದಾರಲ್ಲ, ಹಾಗಾದ್ರೆ ಕಡಿಮೆ ಇರೋದು ಕಾಯಿಲೆ ಅಲ್ಲ, ಮನೆತನದಲ್ಲಿ ಹರಿದು ಬರೋ ಒಂದು ಗುಣ ಅಷ್ಟೇ, ಎತ್ತರ ಬಣ್ಣದ ಹಾಗೆ. ಸೋದರಮಾವನಿಗೆ ಕಾಯಿಲೆ ಇದ್ರೆ ಮಗುವಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಅನ್ನೋದು ನಿಜ, ಆದ್ರೆ ಅಂಥ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಬರಲ್ಲ ಅನ್ನೋದೂ ಅಷ್ಟೇ ನಿಜ.

ಇನ್ನು 6 ವರ್ಷದ ಮಗಳು. ಬೆಚ್ಚಿಬೀಳೋದು ಒಂದು, ಮುಂಚೆ ಬಂದ ಸದ್ದಿಂದ ಅದು ಇಳಿಯೋದು ಇನ್ನೊಂದು, ಇವೆರಡೂ ಬೇರೆ ಬೇರೆ. ಜೋರಾಗಿ ಬೆಚ್ಚೋ ಮಗುವಿಗೆ ಪಿಪಿಐ ಕಡಿಮೆ ಇರಬೇಕು ಅಂತ ಏನಿಲ್ಲ. ಎರಡನೇದು, ಈ ತಡೆಯೋ ದಾರಿ ಮಕ್ಕಳಲ್ಲಿ ನಿಧಾನಕ್ಕೆ ಬಲಿಯತ್ತೆ, ಸುಮಾರು 8 ವರ್ಷದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬರತ್ತೆ, ಅಲ್ಲಿ ತನಕ ಕಡಿಮೆ ಇರೋದೇ ಸಹಜ. ಅಂದ್ರೆ ಟೆಸ್ಟ್ ಮಾಡಿಸಿದ್ರೂ ಬರೋ ಅಂಕಿ ನಿಮಗೆ ಏನೂ ಹೇಳಲ್ಲ, ಸುಮ್ನೆ ನಿದ್ದೆಗೆಡಿಸತ್ತೆ. ಮಿಕ್ಸಿ, ಕುಕ್ಕರ್, ಪಟಾಕಿ ಸದ್ದಿಗೆ ಕಿವಿ ಮುಚ್ಕೊಂಡು ಅಳೋದು, ಶಾಲೇಲೂ ಗದ್ದಲಕ್ಕೆ ಕಷ್ಟ ಪಡೋದು ಇದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಒಂದ್ಸಲ ಪರೀಕ್ಷೆ ಮಾಡ್ಸಿ, ಅದು ಬೇರೆ ವಿಷಯ. ಬರೀ ಬೆಚ್ಚಿ, ಆಮೇಲೆ ನಿಮ್ಮನ್ನ ನೋಡಿ ನಕ್ಕು ಆಟಕ್ಕೆ ಓಡ್ತಾಳೆ ಅಂದ್ರೆ ಅವಳ ಪಾಡಿಗೆ ಅವಳನ್ನ ಬಿಡಿ. ದಯವಿಟ್ಟು ಮನೇಲಿ ಹಿಂದಿನಿಂದ ಜೋರು ಸದ್ದು ಮಾಡಿ ಪರೀಕ್ಷೆ ಮಾತ್ರ ಮಾಡಬೇಡಿ, ಮಗು ಹೆದರತ್ತೆ, ಹೆದರಿದ ಮಗು ಜಾಸ್ತಿ ಬೆಚ್ಚತ್ತೆ, ಕಾರಣ ಮೇಲೆ ಹೇಳಿದ್ನಲ್ಲ.

ತಮ್ಮನ ಬಗ್ಗೆ ನೀವು ಹೆಚ್ಚೇನೂ ಬರೆದಿಲ್ಲ. ಸದ್ದುಗದ್ದಲ ಇರೋ ಕಡೆ, ಮದುವೆ ಮನೆ, ಬಸ್‌ಸ್ಟ್ಯಾಂಡು ಅಂಥಲ್ಲಿ ಅವನಿಗೆ ಹಿಂಸೆ ಆಗ್ತಿದ್ರೆ ಅದನ್ನ ನಾಟಕ, ಹಠ ಅಂತ ಮನೆಯವರು ಅಂದ್ಕೋಬಾರದು, ನುಗ್ಗಿ ಬರೋದನ್ನ ತಡೆಯೋದು ಅವನಿಗೆ ನಿಜವಾಗ್ಲೂ ಕಷ್ಟ ಇರಬಹುದು. ಟಿವಿ ಆರಿಸಿ ಒಬ್ಬೊಬ್ಬರೇ ಮಾತಾಡಿದ್ರೆ ಅವನಿಗೆ ಎಷ್ಟೋ ಹಗುರ ಆಗತ್ತೆ. ಮುಂದಿನ ಸಲ ಫಾಲೋಅಪ್‌ಗೆ ಹೋದಾಗ ಇದನ್ನೂ ಡಾಕ್ಟರಿಗೆ ಹೇಳಿ, ಮಾತ್ರೆ ಮಾತ್ರ ನೀವಾಗೇ ಹೆಚ್ಚು ಕಡಿಮೆ ಮಾಡಬೇಡಿ. ಮಧ್ಯೆ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಟೆಲಿ ಮಾನಸ್ ನಂಬರ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರೋಗಿ ಮನೆಯವರು ಮಾಡಿದ್ರೂ ತಗೋತಾರೆ.